ತಂಡ ಯಾರದು?

ಇರ್ವಿಂಗ್ ಎಂದರೆ ನಮ್ಮವರಿಗೆ ಏಕತಾ ಮಂದಿರ, ಜೆಫರ್ಸನ್ ಪಾರ್ಕಿನ ಗಾಂಧಿ ಪ್ರತಿಮೆ, ದೋಸೆ ಹೋಟೆಲುಗಳು. ಇಲ್ಲಿನ ಹಳಬರನ್ನು ಕೇಳಿದರೆ ಟೆಕ್ಸಸ್ ಸ್ಟೇಡಿಯಂ ಎನ್ನುತ್ತಾರೆ. ಚಾವಣಿಯ ನಡುವೆ ಆಕಾಶ ಕಾಣುವಂತೆ ದೊಡ್ಡ ಕಿಂಡಿ ಬಿಟ್ಟು ಕಟ್ಟಿದ್ದ ಆ ಕ್ರೀಡಾಂಗಣವನ್ನು 2010ರ ಏಪ್ರಿಲ್ 11ರಂದು ಸಿಡಿಮದ್ದಿಟ್ಟು ಕೆಡವಿದರು. ಡಾಲಸ್ ಕೌಬಾಯ್ಸ್ ಅಲ್ಲಿ ಆಡುತ್ತಿದ್ದುದು ಊರಿಗೆಲ್ಲ ಗೊತ್ತು. ಅದೇ ಅಂಗಳದಲ್ಲಿ ಡಾಲಸ್ ಟೊರ್ನೇಡೊ ಎಂಬ ಫುಟ್‌ಬಾಲ್ ತಂಡವೂ (ಇಲ್ಲಿನವರ ಬಾಯಲ್ಲಿ ಸಾಕರ್) ಆಡುತ್ತಿತ್ತು ಎಂದರೆ ನನ್ನ ಆಫೀಸಿನಲ್ಲಿ ನಂಬುವವರು ಕಡಿಮೆ.

ಆ ತಂಡದ ಕಥೆ ಸೊಗಸಾಗಿದೆ. ತೈಲ ಕುಬೇರರ ಮನೆತನದ ಲಾಮಾರ್ ಹಂಟ್ ಮತ್ತು ಅವರ ಪಾಲುದಾರರು 1967ರಲ್ಲಿ ಅದನ್ನು ಹುಟ್ಟುಹಾಕಿದರು. ಮೊದಲ ಬೇಸಿಗೆಯಲ್ಲಿ ಸ್ವಂತ ಆಟಗಾರರೇ ಇರಲಿಲ್ಲ. ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ತಂಡವನ್ನೇ ಕರೆಸಿ ಡಾಲಸ್ ಹೆಸರಿನಲ್ಲಿ ಆಡಿಸಿದರು. ಆಮೇಲೆ ಕೋಚ್ ಬಾಬ್ ಕ್ಯಾಪ್ ಯುರೋಪಿನ ಎಳೆಯ ಹುಡುಗರನ್ನು ಕಲೆಹಾಕಿ, ತಲೆಗೆ ಕೌಬಾಯ್ ಟೋಪಿ ಹಾಕಿಸಿ, ಸುಮಾರು ಏಳು ತಿಂಗಳು ಲೋಕಸಂಚಾರಕ್ಕೆ ಕರೆದೊಯ್ದರು. ಸ್ಪೇನಿನಲ್ಲಿ ಶುರುವಾದ ಯಾತ್ರೆ ಭಾರತವನ್ನೂ ಯುದ್ಧದ ವಿಯೆಟ್ನಾಮನ್ನೂ ಹಾದುಹೋಯಿತು. ಅದೇ 1967–68ರಲ್ಲಿ ನಮ್ಮ ಮೈಸೂರು ರಾಜ್ಯ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು!

ದಣಿದು ಬಂದ ಟೊರ್ನೇಡೊ 1968ರ 32 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸೋತದ್ದು 26. ಮರುವರ್ಷ 17 ತಂಡಗಳ ಲೀಗಿನಲ್ಲಿ ಉಳಿದವು ಐದೇ. ಹಂಟ್ ಕೈಬಿಡದ ಕಾರಣ ಡಾಲಸ್ ಅವುಗಳಲ್ಲೊಂದಾಯಿತು. 1971ರಲ್ಲಿ, ಸೆಮಿಫೈನಲ್ಲಿನ ಒಂದು ಪಂದ್ಯವನ್ನು 176 ನಿಮಿಷ ಆಡಿ ಸೋತರೂ, ಕೊನೆಗೆ ಚಾಂಪಿಯನ್ ಆಯಿತು. 1973ರ ಫೈನಲ್ ನಮ್ಮ ಇರ್ವಿಂಗಿನಲ್ಲೇ ನಡೆಯಿತು. ಫಿಲಡೆಲ್ಫಿಯಾ ಎದುರು 0–2ರ ಸೋಲು. 1981ರ ಕೊನೆಗೆ ಟ್ಯಾಂಪಾ ಬೇ ತಂಡದೊಂದಿಗೆ ವಿಲೀನ ಎಂದರು. ಅಲ್ಲಿಗೆ ಕಥೆ ಮುಗಿಯಿತು.

ಹಂಟ್ ಅವರನ್ನು ದೂರುವಂತಿಲ್ಲ. ವರ್ಷಗಟ್ಟಲೆ ಕೈಯಿಂದ ಹಣ ಹಾಕಿದವರು ಅವರು. ಕೋಚ್ ರಾನ್ ನ್ಯೂಮನ್ ಮತ್ತು ಆಟಗಾರರು ಶಾಲೆಗಳಿಗೆ ಹೋಗಿ ಮಕ್ಕಳಿಗೆ ಆಟ ಹೇಳಿಕೊಟ್ಟರು; ಇಂದು ಇಲ್ಲಿನ ಪಾರ್ಕುಗಳಲ್ಲಿ ಶನಿವಾರ ಕಾಣುವ ಗೋಲುಪೆಟ್ಟಿಗೆಗಳ ಸಾಲಿಗೆ ಬೀಜ ಅದು. ಆದರೆ ಮುಚ್ಚುವ ದಿನ ನೋಡುಗರನ್ನು ಯಾರೂ ಕೇಳಲಿಲ್ಲ. ತಂಡ ಅವರದಾಗಿರಲಿಲ್ಲ.

ಈ ಮಾತು ನನಗೆ ತಾಕುವುದಕ್ಕೆ ಕಾರಣವಿದೆ. ನಮ್ಮಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕೆಲಸ ಸಿಕ್ಕಿದ್ದೇ ಫುಟ್‌ಬಾಲಿನಿಂದ. ಕಾರ್ಖಾನೆ ಸೊರಗಿದಾಗ ಮೊದಲು ಆಟಗಾರರ ನೇಮಕಾತಿ ನಿಂತಿತು, ಆಮೇಲೆ ತಂಡವೇ ನಿಂತಿತು. ಅದಕ್ಕೊಂದು ಸಭೆಯಿಲ್ಲ, ಒಂದು ಕಾಗದವಿಲ್ಲ. ಟೊರ್ನೇಡೊ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ನಕ್ಕರು. "ನಮ್ಮನ್ನೂ ಯಾರೂ ಕೇಳಲಿಲ್ಲ ಕಣೋ. ಯಾಕೆ ಕೇಳಬೇಕು? ಬೂಟಿನಿಂದ ಬಾಳೆಹಣ್ಣಿನವರೆಗೆ ಎಲ್ಲಾ ಅವರದೇ. ನಾವು ಒಂದು ರೂಪಾಯಿ ಹಾಕಿದ್ದವರಲ್ಲ."

ರೂಪಾಯಿ ಹಾಕಿದವರ ಕ್ಲಬ್ಬು ಹೇಗಿರುತ್ತದೆ ಎಂಬುದಕ್ಕೆ ಜರ್ಮನಿಯ ರೋಟ್ ವೈಸ್ ಎಸೆನ್ ಒಳ್ಳೆಯ ಉದಾಹರಣೆ. 1907ರಲ್ಲಿ ಕಲ್ಲಿದ್ದಲ ಗಣಿಗಳ ಊರಿನಲ್ಲಿ ಹುಟ್ಟಿದ್ದು. 1954ರ ವಿಶ್ವಕಪ್ ಫೈನಲ್ಲಿನಲ್ಲಿ ಹಂಗೇರಿಯ ವಿರುದ್ಧ ಗೆಲುವಿನ ಗೋಲು ಹೊಡೆದ ಹೆಲ್ಮುಟ್ ರಾನ್ ಈ ಕ್ಲಬ್ಬಿನವರು. ಮರುವರ್ಷ ಕ್ಲಬ್ಬೇ ಜರ್ಮನಿಯ ಚಾಂಪಿಯನ್. ಆಮೇಲಿನದು ಇಳಿಜಾರು. 2010ರಲ್ಲಿ ದಿವಾಳಿಯಾಗಿ ಐದನೆಯ ದರ್ಜೆಗೆ ಬಿತ್ತು. ನಮ್ಮ ಲೆಕ್ಕದಲ್ಲಿ ಅಲ್ಲಿಗೆ ಬಾಗಿಲು ಮುಚ್ಚಬೇಕಿತ್ತು. ಆದರೆ ಅದು ಸದಸ್ಯರ ಸಂಘ. ಹಳ್ಳಿ ತಂಡಗಳಂಥವುಗಳ ಎದುರಿನ ಆಟಕ್ಕೂ ಸಾವಿರಾರು ಜನ ಬಂದರು. ಮರುವರ್ಷವೇ ನಾಲ್ಕನೆಯ ದರ್ಜೆಗೆ ಏರಿತು. ಅಲ್ಲಿ ಹನ್ನೊಂದು ವರ್ಷ ಕಾದು, 2022ರಲ್ಲಿ ಮೂರನೆಯದಕ್ಕೆ ಬಂತು. ಅಮೆರಿಕದ ದೊಡ್ಡ ಲೀಗಿನಲ್ಲಿ ಸೋತವರು ಕೆಳಗಿಳಿಯುವುದಿಲ್ಲ. ಮಾಲೀಕರಿಗೆ ಸಾಕಾದಾಗ ಇಲ್ಲವಾಗುತ್ತಾರೆ. ಎಸೆನ್‌ನಲ್ಲಿ ಬೀಳುವುದಕ್ಕೂ ಮೆಟ್ಟಿಲುಗಳಿದ್ದವು, ಹಾಗಾಗಿ ಹತ್ತುವುದಕ್ಕೂ ಇದ್ದವು.

ಇದೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಕನ್ನಡ ಮನೆಗಳ ಮಕ್ಕಳದೊಂದು ಭಾನುವಾರದ ತಂಡವಿದೆ. ಚಂದಾ ಎತ್ತಿ ನಡೆಸುತ್ತೇವೆ. ಪ್ರತಿ ಸಲವೂ ಮೈದಾನದ ಬಾಡಿಗೆಗೆ ಪರದಾಟ. ಈ ವರ್ಷ ಉದ್ಯಮಿ ಗೆಳೆಯರೊಬ್ಬರು, "ಪೂರ್ತಿ ಖರ್ಚು ನನಗಿರಲಿ, ಜೆರ್ಸಿಯ ಮೇಲೆ ಕಂಪನಿ ಹೆಸರು, ತಂಡದ ಜವಾಬ್ದಾರಿಯೂ ನನ್ನದೇ" ಎಂದಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಸರಿಯಾದ ಕೋಚ್ ಸಿಗುತ್ತಾರೆ, ನನ್ನ ಮಗನಿಗೂ ಅದು ಬೇಕು. ಅವನು ದಿನಕ್ಕೆರಡು ಸಲ ಕೇಳುತ್ತಾನೆ, "ಅಪ್ಪಾ, ಒಪ್ಪಿಕೊಂಡ್ರಾ?"

ಬರುವ ವಾರ ಸಭೆ. ಅವರ ಹೆಸರು ಜೆರ್ಸಿಯ ಮೇಲೆ ಧಾರಾಳವಾಗಿ ಇರಲಿ, ತಂಡ ಮಾತ್ರ ಚಂದಾ ಕೊಟ್ಟವರದಾಗಿಯೇ ಉಳಿಯಲಿ ಎಂದು ಹೇಳುವವನಿದ್ದೇನೆ. ಒಪ್ಪದಿದ್ದರೆ ಮತ್ತೆ ಮೈದಾನಕ್ಕೆ ಪರದಾಟ, ಮಗನ ಮುನಿಸು. ಇರಲಿ. ಮುಂದೊಂದು ದಿನ ಈ ತಂಡ ನಿಂತರೂ, ನಿಲ್ಲಿಸುವ ಮೊದಲು ಯಾರಾದರೂ ಅವನನ್ನು ಒಂದು ಮಾತು ಕೇಳಬೇಕು.