ಚಾಕೊಲೇಟ್ ರಕ್ತ

ಅಕ್ಕನ ಮಗ ಮೊಬೈಲಿನಲ್ಲಿ ಹಳೆಯ ದೆವ್ವದ ಸಿನಿಮಾ ನೋಡುತ್ತಾ ಬಿದ್ದು ಬಿದ್ದು ನಗುತ್ತಿದ್ದ. ‘ಮಾಮ, ಇದು ರಕ್ತ ಅಲ್ಲ, ಚಾಕೊಲೇಟ್ ಸಿರಪ್ಪು!’ ಎಂದ, ಯಾರಿಗೂ ಸಿಗದ ಗುಟ್ಟು ತನಗೊಬ್ಬನಿಗೇ ಸಿಕ್ಕಿದವನ ಗತ್ತಿನಲ್ಲಿ. ಅವನು ಹೇಳಿದ್ದು ನಿಜವೇ. ಕಪ್ಪುಬಿಳುಪಿನಲ್ಲಿ ಚಾಕೊಲೇಟ್ ಸಿರಪ್ಪೂ ರಕ್ತವೂ ಒಂದೇ ಥರ ಕಾಣುತ್ತವೆ. ಆದರೂ ಆ ನಗು ನನಗೆ ಹಿಡಿಸಲಿಲ್ಲ, ಇವತ್ತಿಗೂ ಹಿಡಿಸಿಲ್ಲ.

ಅವನು ನೋಡುತ್ತಿದ್ದುದು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಸತ್ತವರು ಎದ್ದು ಬಂದು ಬದುಕಿದ್ದವರನ್ನು ತಿನ್ನುತ್ತಾರೆ, ಹಳ್ಳಿ ಕಡೆಯ ಒಂಟಿ ಮನೆಯಲ್ಲಿ ಏಳು ಮಂದಿ ಸಿಕ್ಕಿಹಾಕಿಕೊಂಡಿದ್ದಾರೆ. ಕಥೆ ಇಷ್ಟೇ. ತೆಗೆದವರು ಅಮೆರಿಕದ ಪಿಟ್ಸ್‌ಬರ್ಗ್ ಊರಿನವರು. ಹಾಲಿವುಡ್ಡಿನ ನೆರಳೂ ಸೋಕದೆ, ಜಾಹೀರಾತು ಚಿತ್ರ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದವರು. ಹತ್ತು ಜನ ತಲಾ 600 ಡಾಲರ್ ಹಾಕಿ ಕೆಲಸ ಶುರುಮಾಡಿದರು. ಮುಗಿಯುವ ಹೊತ್ತಿಗೆ ಖರ್ಚು ಸುಮಾರು 1,14,000 ಡಾಲರಿಗೆ ಬಂದು ನಿಂತಿತು. ನಿರ್ದೇಶಕ ಜಾರ್ಜ್ ರೊಮೆರೊಗೆ ಚಿತ್ರೀಕರಣದ ಹೊತ್ತಿಗೆ 27 ವರ್ಷ. ಕೆಡವಲು ಗೊತ್ತುಮಾಡಿದ್ದ ಮನೆಯೊಂದು ಅವರಿಗೆ ಸಿಕ್ಕಿತು, ಆದ್ದರಿಂದ ಕಿಟಕಿ ಬಾಗಿಲಿಗೆ ಎಷ್ಟು ಮೊಳೆ ಹೊಡೆದರೂ ಕೇಳುವವರಿರಲಿಲ್ಲ. ಓಡಿಸಿದ ಕಾರು ನಿರ್ಮಾಪಕರೊಬ್ಬರ ತಾಯಿಯದು. ಚಿತ್ರೀಕರಣದ ನಡುವೆ ಅದು ಎಲ್ಲೋ ತಗುಲಿ ನಗ್ಗಿಹೋಯಿತು. ರಿಪೇರಿಗೆ ಕಾಯದೆ, ಕಾರು ಮರಕ್ಕೆ ಗುದ್ದುವ ದೃಶ್ಯವನ್ನೇ ಕಥೆಗೆ ಸೇರಿಸಿಬಿಟ್ಟರು.

ದೆವ್ವಗಳಿಗೆ ವೇಷ ಕಟ್ಟಲು ಹಣ ಎಲ್ಲಿಂದ ಬರಬೇಕು? ಊರವರನ್ನೇ ಕರೆದರು. ಗಿರಾಕಿಗಳು ಬಂದರು, ಗೆಳೆಯರು ಬಂದರು, ಅಕ್ಕಪಕ್ಕದವರು ಬಂದರು. ಮುಖಕ್ಕಷ್ಟು ಬಣ್ಣ, ಮೈಮೇಲೆ ಮನೆಯಲ್ಲಿದ್ದ ಹಳೆಯ ಕೋಟೋ ರಾತ್ರಿಯ ಗೌನೋ. ನನ್ನ ಮಟ್ಟಿಗೆ ಆ ಸಿನಿಮಾದ ಭಯವೆಲ್ಲ ಇರುವುದು ಇಲ್ಲೇ. ಮೊದಲ ದೃಶ್ಯವನ್ನೇ ನೋಡಿ. ಸ್ಮಶಾನ, ಇನ್ನೂ ಬೆಳಕಿದೆ, ಅಣ್ಣ ತಂಗಿಯನ್ನು ರೇಗಿಸುತ್ತಿದ್ದಾನೆ. ಹಿಂದೆ ದೂರದಲ್ಲಿ ಸೂಟು ತೊಟ್ಟ ಒಬ್ಬ ಮನುಷ್ಯ ತೂರಾಡುತ್ತಾ ಬರುತ್ತಿದ್ದಾನೆ. ಸಮಾಧಿಗೆ ಹೂವಿಡಲು ಬಂದ ಯಾರೋ ಯಜಮಾನರು ಎಂದುಕೊಳ್ಳುತ್ತೇವೆ. ಆತ ಹತ್ತಿರ ಬಂದು ಅವಳ ಮೇಲೆ ಬೀಳುವವರೆಗೂ ಹಾಗೇ ಅಂದುಕೊಂಡಿರುತ್ತೇವೆ. ಹಣವಿದ್ದಿದ್ದರೆ ಆತನಿಗೆ ಕೋರೆಹಲ್ಲು ಬರುತ್ತಿತ್ತು, ನಮಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನಮ್ಮಲ್ಲೂ 1979ರ ‘ನಾ ನಿನ್ನ ಬಿಡಲಾರೆ’ ಕಂಡು ಹೆದರಿದವರನ್ನು ಕೇಳಿ. ಅವರು ನೆನೆಯುವುದು ದೆವ್ವ ಹೊಕ್ಕ ಅನಂತನಾಗ್ ಅವರ ಮುಖವನ್ನೇ, ಯಾವ ಮುಖವಾಡವನ್ನೂ ಅಲ್ಲ.

ಮುಖದ ಮಾತು ಬಂದಾಗ ಡ್ವೇನ್ ಜೋನ್ಸ್ ಅವರನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ನಾಯಕ ಬೆನ್‌ನ ಪಾತ್ರ ಅವರದು. ಚಿತ್ರಕಥೆಯಲ್ಲಿ ಆ ಪಾತ್ರದ ಮೈಬಣ್ಣದ ಪ್ರಸ್ತಾಪವೇ ಇರಲಿಲ್ಲ. ಪರೀಕ್ಷೆಗೆ ಬಂದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದರು, ಪಾತ್ರ ಕೊಟ್ಟರು, ಅಷ್ಟೇ. ಬರೆದಿದ್ದುದು ಒರಟು ಲಾರಿ ಡ್ರೈವರನ ಮಾತುಗಳನ್ನು. ಓದಿಕೊಂಡ ಮನುಷ್ಯ ಜೋನ್ಸ್ ಅದನ್ನು ಒಪ್ಪದೆ ತನ್ನ ಮಾತನ್ನು ತಾನೇ ತಿದ್ದಿಕೊಂಡರು. ಹಾಗಾಗಿ ಆ ಮನೆಯೊಳಗೆ ತಲೆ ನೆಟ್ಟಗಿಟ್ಟುಕೊಂಡು ಯೋಚಿಸುವವನು, ಹಲಗೆ ಹೊಡೆಯುವವನು, ಬಿಳಿಯ ಯಜಮಾನನಿಗೆ ಎದುರು ನಿಂತು ಗದರುವವನು ಒಬ್ಬ ಕಪ್ಪು ಮನುಷ್ಯ. ಆ ಕಾಲದ ಅಮೆರಿಕದ ತೆರೆಯ ಮೇಲೆ ಇದು ಸಣ್ಣ ಮಾತಲ್ಲ. ಕೊನೆಗೆ ರಾತ್ರಿಯಿಡೀ ಹೋರಾಡಿ ಉಳಿದವನು ಅವನೊಬ್ಬನೇ. ಬೆಳಗ್ಗೆ ದೆವ್ವ ಬೇಟೆಗೆ ಬಂದ ಬಂದೂಕಿನವರು ಕಿಟಕಿಯಲ್ಲಿ ಅವನನ್ನು ಕಂಡು, ದೆವ್ವವೆಂದೇ ಬಗೆದು ಹಣೆಗೆ ಗುಂಡು ಹೊಡೆಯುತ್ತಾರೆ. ಬೆನ್ ಬದುಕಿ ಉಳಿಯಲಿ ಎಂಬ ಯೋಚನೆಯೂ ಇತ್ತಂತೆ. ಬೇಡವೆಂದವರು ಜೋನ್ಸ್ ಅವರೇ. ಸಿದ್ಧವಾದ ಚಿತ್ರವನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುತ್ತಿದ್ದ ರಾತ್ರಿ ರೇಡಿಯೋದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯ ಸುದ್ದಿ ಕೇಳಿದೆವು ಎಂದು ರೊಮೆರೊ ಹೇಳುತ್ತಿದ್ದರು. 1968ರ ಏಪ್ರಿಲ್ 4. ಇದನ್ನು ತಿಳಿದ ಮೇಲೆ ಆ ಕೊನೆಯನ್ನು ನಗುತ್ತಾ ನೋಡಲು ನನ್ನಿಂದಾಗದು. ಸಾಲದ್ದಕ್ಕೆ, ಹೆಸರುಗಳು ಬರುವ ಹೊತ್ತಿಗೆ ಚಲಿಸುವ ಚಿತ್ರವೇ ನಿಂತುಹೋಗುತ್ತದೆ. ಪತ್ರಿಕೆಯಲ್ಲಿ ಅಚ್ಚಾದಂತಹ ತರಿತರಿ ಫೋಟೋಗಳಲ್ಲಿ ಬೆನ್‌ನ ಹೆಣವನ್ನು ಕೊಕ್ಕೆ ಹಾಕಿ ಎಳೆದುಕೊಂಡು ಹೋಗುತ್ತಾರೆ.

ಇಂಥ ಸಿನಿಮಾ ಮಾಡಿದವರಿಗೆ ಸಿಗಬೇಕಾದ ದುಡ್ಡು ಸಿಗಲಿಲ್ಲ ಎಂಬುದು ನನ್ನ ಇನ್ನೊಂದು ಸಂಕಟ. ಹಂಚಿಕೆದಾರರು ಚಿತ್ರದ ಹೆಸರು ಬದಲಿಸಿದರು. ಹೊಸ ಹೆಸರಿನ ಫಲಕ ಹಾಕುವಾಗ ಹಳೆಯದರಲ್ಲಿದ್ದ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದೆ ಬಿಡುಗಡೆಯಾದದ್ದು ಎಲ್ಲರ ಸೊತ್ತು. ಯಾರು ಬೇಕಾದರೂ ಪ್ರಿಂಟು ತೆಗೆದರು, ಟಿವಿಯಲ್ಲಿ ಹಾಕಿದರು, ಕ್ಯಾಸೆಟ್ ಮಾಡಿ ಮಾರಿದರು. ಅದರಿಂದಾಗಿಯೇ ಅದು ಇಷ್ಟು ಮನೆ ಹೊಕ್ಕಿತು, ನಮ್ಮ ಹುಡುಗನ ಮೊಬೈಲಿಗೂ ಪುಕ್ಕಟೆಯಾಗಿ ಬಂತು ಎನ್ನುವುದು ಸರಿ. ಆದರೂ ಮಾಡಿದವರ ಕೈಗೆ ಸೇರಬೇಕಾದ್ದು ಸೇರಲಿಲ್ಲ.

2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೂಲ ನೆಗೆಟಿವ್‌ನಿಂದ ಇದನ್ನು ಶುಚಿಮಾಡಿ ತೋರಿಸಿತು. ನೋಡುವುದಾದರೆ ಅದನ್ನು ನೋಡಿ. ಬಣ್ಣ ಬಳಿದದ್ದೂ ಒಂದಿದೆ, 1986ರದ್ದು. ಅದು ಬೇಡ. ಅದರಲ್ಲಿ ಆ ನೆರೆಹೊರೆಯವರಿಗೆಲ್ಲ ಹಸಿರು ಬಳಿದುಬಿಟ್ಟಿದ್ದಾರೆ.