ಎರಡು ಆಸೆ, ಒಂದು ಅರ್ಜಿ

ಪಿಯುಸಿ ಫಲಿತಾಂಶ ಬಂದ ಮೇಲೆ ಬೀದರಿನ ಬಸ್ ನಿಲ್ದಾಣಕ್ಕೆ ಬೇರೆಯದೇ ಕಳೆ ಬರುತ್ತದೆ. ಭಾಲ್ಕಿ, ಔರಾದ ಕಡೆಯ ಬಸ್ಸುಗಳಿಂದ ಮಕ್ಕಳು ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಇಳಿಯುತ್ತಾರೆ. ಕೈಯಲ್ಲೊಂದು ಫೈಲು; ಅದರಲ್ಲಿ ಅಂಕಪಟ್ಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಈ ಭಾಗದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ. ಪರಿಚಯದ ಮಾಸ್ತರರು ಯಾರೇ ಸಿಗಲಿ, ಮೊದಲ ಪ್ರಶ್ನೆ ಒಂದೇ: "ಯಾವುದಕ್ಕ ಸ್ಕೋಪ್ ಅದರಿ ಸರ್?"

ಸ್ಕೋಪ್ ಕೇಳುವವರಿಗೆ ಏನಾದರೂ ಹೇಳಿ ಕಳಿಸಬಹುದು. ನನ್ನ ಮನಸ್ಸಿನಲ್ಲಿ ಉಳಿಯುವವರು ಎರಡು ವಿಷಯಗಳನ್ನು ಸಮನಾಗಿ ಪ್ರೀತಿಸಿ, ಯಾವುದನ್ನು ಬಿಟ್ಟರೂ ಕರುಳು ಚುರ್ ಅನ್ನುವ ಮಕ್ಕಳು. ಔರಾದ ತಾಲ್ಲೂಕಿನ ಒಬ್ಬ ಹುಡುಗಿ ಹಾಗೆ ಬಂದಿದ್ದಳು. ಮನೆಯಲ್ಲಿ ದೇವಣಿ ದನ. ಮೈಯೆಲ್ಲ ಬಿಳುಪಾದರೆ ಬಾಲಂಕ್ಯಾ, ಮುಖ ಕಪ್ಪಾದರೆ ವಾನೆರಾ, ಮೈಮೇಲೆ ಕಪ್ಪು ಮಚ್ಚೆಗಳಿದ್ದರೆ ಶೆವೆರಾ ಎಂದು ದೂರದಿಂದಲೇ ಗುರುತಿಸಬಲ್ಲಳು. ದನದ ಡಾಕ್ಟರಾಗುವ ಆಸೆ. ಅಷ್ಟೇ ಆಸೆ ಇತಿಹಾಸದ ಮೇಲೂ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸಿಗೆ ಜಂಗಮರು ಯಾಕೆ ಬರುತ್ತಾರೆ, ಕೋಟೆಯೊಳಗಿನ ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದವರು ಯಾರು ಎಂದು ಕೇಳಿ ಕೇಳಿ ತಿಳಿದುಕೊಂಡವಳು. "ಎರಡೂ ಬೇಕಂತ ಅನಸ್ತದ್ರಿ ಸರ್. ಒಂದು ಬಿಡು ಅಂತಾರ ಎಲ್ಲಾರೂ" ಅಂದಳು.

ಆ ದ್ವಂದ್ವವನ್ನು ದುರದೃಷ್ಟವೆಂದು ನಾನು ಎಣಿಸಲಾರೆ. ಈ ನೆಲದ ಹಿಂದಿನ ತಲೆಮಾರು ಕಂಡ ಕಷ್ಟ ಬೇರೆ. ನಿಜಾಮರ ಕಾಲದಲ್ಲಿ ಇಲ್ಲಿ ಶಾಲೆಯೆಂದರೆ ಉರ್ದು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ತಾಯಿನುಡಿಯಲ್ಲಿ ಅಕ್ಷರ ಕಲಿಯುವುದೇ ಸಾಹಸವಾಗಿದ್ದ ಊರುಗಳಲ್ಲಿ ಇಂದು ಒಬ್ಬ ರೈತನ ಮಗಳು ಪಶುವೈದ್ಯವೋ ಇತಿಹಾಸವೋ ಎಂದು ತೊಳಲಾಡುತ್ತಿದ್ದಾಳೆ. ಆ ತೊಳಲಾಟ ಹಿರಿಯರು ಗಳಿಸಿ ಕೊಟ್ಟ ಆಸ್ತಿ.

ಬೀದರಿನಲ್ಲಿ ಇಂದು ಆಯ್ಕೆಗೆ ಬಡತನವಿಲ್ಲ. 1980ರಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು ಬಂತು. ನಂದಿನಗರದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ರಾಜ್ಯಕ್ಕೆಲ್ಲ ಅದೊಂದೇ. ಮೆಡಿಕಲ್ ಕಾಲೇಜಿದೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ ವಿಶ್ವವಿದ್ಯಾಲಯವೂ ಆಯಿತು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಉಳಿದೆಡೆ ನೂರಕ್ಕೆ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ಬಾಗಿಲುಗಳು ತೆರೆದಿವೆ. ಯಾವುದರೊಳಗೆ ಮೊದಲು ಹೋಗಬೇಕು ಎಂಬುದಷ್ಟೇ ಉಳಿದ ಪ್ರಶ್ನೆ.

ಅದಕ್ಕೆ ನಾನು ಕಂಡುಕೊಂಡ ದಾರಿ ಒಂದಿದೆ. ಎರಡರಲ್ಲಿ ಯಾವುದು ಹೆಚ್ಚು ಇಷ್ಟ ಎಂದು ಮನಸ್ಸನ್ನು ಕೇಳಿದರೆ ಅದು ದಿನಕ್ಕೊಂದು ಉತ್ತರ ಕೊಡುತ್ತದೆ. ಕಾಲೇಜಿಲ್ಲದೆ ಯಾವುದನ್ನು ಕಲಿಯಲಾಗದು ಎಂದು ಕೇಳಬೇಕು. ಪಶುವೈದ್ಯಕ್ಕೆ ಐದೂವರೆ ವರ್ಷದ ಓದು ಬೇಕು; ಶವಪರೀಕ್ಷೆಯ ಕೋಣೆ, ಪ್ರಯೋಗಾಲಯ, ಕೈಹಿಡಿದು ತೋರಿಸುವ ಗುರು ಬೇಕು; ಕೊನೆಗೆ ನೋಂದಣಿಯೂ ಬೇಕು. ಹಟ್ಟಿಯಲ್ಲಿ ಎಷ್ಟು ವರ್ಷ ಕಳೆದರೂ ಅದು ದಕ್ಕದು. ಇತಿಹಾಸಕ್ಕಾದರೋ ಬೀದರೇ ಪಾಠಶಾಲೆ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಊರ ನಡುವೆ ನಿಂತಿದೆ. ಅಲ್ಲಿ ಧರ್ಮಶಾಸ್ತ್ರದ ಜೊತೆ ಗಣಿತ, ಖಗೋಳವನ್ನೂ ಓದಿಸುತ್ತಿದ್ದರು. ಕಟ್ಟಿಸಿದವನು ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು, ಪಾರ್ಸಿಯಲ್ಲಿ ಪತ್ರಗಳನ್ನು ಬರೆದು ಹೆಸರಾದವನು. ಇಂಥ ಊರಿನಲ್ಲಿ ಇತಿಹಾಸದ ಆಸೆ ಪದವಿಯಿಲ್ಲದೆಯೂ ಬದುಕಬಲ್ಲದು.

ಇನ್ನೊಂದು ಮಾತೂ ಅಷ್ಟೇ ಮುಖ್ಯ. ವಿಜ್ಞಾನದಿಂದ ಕಲೆಯ ಕಡೆಗೆ ಯಾವಾಗಲೂ ಬರಬಹುದು. ಪಿಯುಸಿಯಲ್ಲಿ ವಿಜ್ಞಾನ ಬಿಟ್ಟವರು ಮರಳಿ ಅತ್ತ ಹೋಗುವುದು ಕಷ್ಟ. ಹಾಗೆಂದು ಇದನ್ನೇ ನೆಪ ಮಾಡಿಕೊಂಡು, ಆಸೆಯೇ ಇಲ್ಲದ ಮಕ್ಕಳನ್ನೂ ವಿಜ್ಞಾನಕ್ಕೆ ದೂಡುವುದು ಅನ್ಯಾಯ. ಇತಿಹಾಸವೊಂದೇ ಉಸಿರಾದ ಮಗುವಿಗೆ ಇತಿಹಾಸವೇ ಸರಿ. ಶಾಸನ ಓದಲು, ಪಾರ್ಸಿ ಕಲಿಯಲು ಅದಕ್ಕೂ ಗುರು ಬೇಕೇ ಬೇಕು.

ಬಿಟ್ಟ ವಿಷಯ ಸತ್ತುಹೋಗುವುದಿಲ್ಲ ಎಂಬುದಕ್ಕೆ ಕನ್ನಡದಲ್ಲಿ ಸಾಕ್ಷಿಗಳಿಗೆ ಕೊರತೆಯಿಲ್ಲ. ಬಿ.ಜಿ.ಎಲ್. ಸ್ವಾಮಿ ಓದಿದ್ದೂ ಕಲಿಸಿದ್ದೂ ಸಸ್ಯಶಾಸ್ತ್ರ. ಅವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಾಟಕಕಾರ ಗಿರೀಶ ಕಾರ್ನಾಡರು ಧಾರವಾಡದಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಪೂರ್ಣಚಂದ್ರ ತೇಜಸ್ವಿ ಕನ್ನಡ ಎಂ.ಎ. ಮಾಡಿ, ಹಕ್ಕಿಗಳನ್ನು ಮೂಡಿಗೆರೆಯ ಕಾಡಿನಲ್ಲಿ ಕಲಿತರು. ಮೂವರ ದಾರಿಯೂ ಬೇರೆ, ಆದರೆ ಯಾರೂ ಎರಡನೆಯ ಆಸೆಯನ್ನು ಪುರುಸೊತ್ತಿನ ಹವ್ಯಾಸಕ್ಕೆ ಇಳಿಸಲಿಲ್ಲ. ದಿನವೂ ಅದಕ್ಕೆ ದುಡಿದರು.

ನಮ್ಮ ದೇವಣಿ ತಳಿಯೂ ಹಾಗೆಯೇ. ಹಸು ಹಾಲು ಕೊಡುತ್ತದೆ, ಎತ್ತು ನೇಗಿಲು ಎಳೆಯುತ್ತದೆ. ಒಂದು ಗುಣಕ್ಕಾಗಿ ಇನ್ನೊಂದನ್ನು ಕಳೆಯಬೇಕೆಂದು ಇಲ್ಲಿಯ ರೈತ ಎಂದೂ ಬಯಸಲಿಲ್ಲ. ಆ ಹುಡುಗಿಗೆ ಹೇಳಿದೆ: "ಅರ್ಜಿ ಪಶುವೈದ್ಯಕ್ಕ ಹಾಕವ್ವಾ. ಇತಿಹಾಸ ಬಿಡಬ್ಯಾಡ. ವಾರಕ್ಕ ಒಂದು ದಿನ ಅದಕ್ಕ ಇಡು. ಓದಿದ್ದು ಬರದಿಡು."

ತಂದೆತಾಯಿಗಳಲ್ಲಿ ನನ್ನದೊಂದು ಬೇಡಿಕೆ. ಅರ್ಜಿಯ ದಿನ ಸ್ಕೋಪಿನ ಮಾತು ಎತ್ತುವ ಮೊದಲು, ಮಗು ಯಾರೂ ಹೇಳದೆ ತಾನಾಗಿ ಏನು ಓದುತ್ತದೆ, ಯಾವ ಕೆಲಸದಲ್ಲಿ ದಣಿವು ಮರೆಯುತ್ತದೆ ಎಂಬುದನ್ನು ನೋಡಿ. ಮಕ್ಕಳೇ, ನಿಮಗೂ ಒಂದು ಮಾತು: ಅರ್ಜಿಯಲ್ಲಿ ಬರೆಯುವುದು ಒಂದೇ ವಿಷಯ. ಇನ್ನೊಂದನ್ನು ಬಿಡಬೇಕೆಂದು ಯಾವ ಕಾಲೇಜೂ ಹೇಳುವುದಿಲ್ಲ, ನೀವೂ ಬಿಡಬೇಡಿ.