ಗಾರೆ ಗಾಣ ನಿಂತ ಮೇಲೆ

ಮನೆ ಕಟ್ಟಿಸಲು ಹೊರಟವರ ಕೈಗೆ ಈಗ ಕಂಟ್ರಾಕ್ಟರು ಒಂದು ಬಣ್ಣದ ಪುಸ್ತಿಕೆ ಕೊಡುತ್ತಾರೆ. ಮೇಲೆ ಹಸಿರೆಲೆಯ ಚಿತ್ರ, ಒಳಗೆ ‘ಗ್ರೀನ್ ಬಿಲ್ಡಿಂಗ್’ ಎಂಬ ತಲೆಬರಹ, ಕೊನೇ ಪುಟದಲ್ಲಿ ಚದರಕ್ಕೆ ಇಷ್ಟು ಹೆಚ್ಚು ಎಂಬ ಲೆಕ್ಕ. ನಮ್ಮ ಮೈಸೂರು ಸೀಮೆಯ ಹಳೇ ಮೇಸ್ತ್ರಿಗಳು ಪರಿಸರ ಎಂಬ ಮಾತನ್ನೇ ಆಡಿದವರಲ್ಲ. ಆದರೆ ಅವರು ಕಟ್ಟಿದ ಮನೆಗಳಲ್ಲಿ ಬಿಸಾಡುವಂಥದ್ದು ಏನೂ ಇರುತ್ತಿರಲಿಲ್ಲ.

ಪಾಯ ತೆಗೆಯುವ ಮೊದಲೇ ಸುಣ್ಣದ ಗುಂಡಿ ತೋಡುತ್ತಿದ್ದರು. ಗೂಡಿನಿಂದ ಬಂದ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಗುಂಡಿಗೆ ಗುಂಡಿಯೇ ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅರಳಿದ ಸುಣ್ಣ ವಾರಗಟ್ಟಲೆ ನೆನೆದ ಮೇಲೆ ಗಾಣದ ಸರದಿ. ಕಲ್ಲು ಕಟ್ಟಿದ ದುಂಡನೆಯ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಗಾಲಿ, ಎಳೆಯಲು ಎತ್ತು. ಸುಣ್ಣ, ಮರಳು, ಇಟ್ಟಿಗೆ ಪುಡಿ ಅರೆದು ಬೆಣ್ಣೆಯಾಗುವ ತನಕ ಎತ್ತು ಸುತ್ತುತ್ತಲೇ ಇರಬೇಕು. ಅಳಲೆಕಾಯಿ ಮತ್ತು ಬೆಲ್ಲ ನೆನೆಹಾಕಿದ ನೀರಿನ ಹುಳಿ ವಾಸನೆಗೆ ನೊಣ ಮುತ್ತುತ್ತಿದ್ದವು. ಮೇಸ್ತ್ರಿ ಬಂದು ಕರಣೆಯಲ್ಲಿ ಒಂದಿಷ್ಟು ಗಾರೆ ಎತ್ತಿ ತಲೆಕೆಳಗು ಮಾಡುತ್ತಿದ್ದ. ಜಾರಿ ಬಿತ್ತೋ, ‘ಇನ್ನೂ ನಾಕು ಸುತ್ತು ಹೊಡೀರಪ್ಪ’. ಮನೆಯವರು ಅವಸರಪಡಿಸಿದರೆ, ‘ಯಜಮಾನ್ರೇ, ಗಾರೆ ಹಣ್ಣಾಗ್ಬೇಕು, ಕಾಯಿರಿ’ ಎಂದಷ್ಟೇ ಉತ್ತರ.

ಮದ್ರಾಸ್ ತಾರಸಿಯ ಮನೆಯಾದರೆ ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸುತ್ತಿದ್ದರು. ಅದರ ಮೇಲೆ ಸುಣ್ಣದ ಜಲ್ಲಿ. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಗಳಿಂದ ದಿನಗಟ್ಟಲೆ ದಮ್ಮಸು ಮಾಡುತ್ತಿದ್ದರು. ಆ ಹೆಂಗಸರ ಕೂಲಿ ಎಷ್ಟಿತ್ತು, ಸುಣ್ಣದ ಗೂಡಿನ ಹೊಗೆ ಯಾರ ಎದೆ ಸೇರಿತು, ಗೂಡಿಗೆ ಎಷ್ಟು ಸೌದೆ ಉರಿಯಿತು ಎಂದು ಕೇಳಿದರೆ ಹಳೇ ಕಾಲ ತಲೆ ತಗ್ಗಿಸಬೇಕಾಗುತ್ತದೆ. ಅದನ್ನೂ ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಸುಣ್ಣ ಗಟ್ಟಿಯಲ್ಲ ಎನ್ನುವವರಿಗೆ ಕನ್ನಂಬಾಡಿ ತೋರಿಸಿದರೆ ಸಾಕು. 1911ರಲ್ಲಿ ಶುರುವಾದ ಆ ಅಣೆಕಟ್ಟನ್ನು ವಿಶ್ವೇಶ್ವರಯ್ಯನವರ ಕಾಲದ ಎಂಜಿನಿಯರುಗಳು ಕಟ್ಟಿಸಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆಯಲ್ಲಿ. ಕಾವೇರಿ ಇವತ್ತಿಗೂ ಅದರ ಹಿಂದೆ ನಿಂತಿದ್ದಾಳೆ.

ನನಗೆ ಹೆಚ್ಚು ಸಂಕಟ ಕೊಡುವುದು ಕಟ್ಟುವ ರೀತಿ ಬದಲಾದದ್ದಲ್ಲ, ಕೆಡಹುವ ರೀತಿ. ಸುಣ್ಣದ ಗೋಡೆ ಬಿಚ್ಚಿದರೆ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತಿತ್ತು. ಕೆರೆದು ಒರೆಸಿದರೆ ಮತ್ತೊಂದು ಗೋಡೆಗೆ ಸಿದ್ಧ. ತೊಲೆ, ಜಂತಿ, ಬಾಗಿಲುವಾಡ, ಮಂಗಳೂರು ಹೆಂಚು, ಕಲ್ಲು ಚಪ್ಪಡಿ ಎಲ್ಲಕ್ಕೂ ಗಿರಾಕಿ ಇರುತ್ತಿದ್ದರು. ಗೋಡೆಯ ಮಣ್ಣು ಹೊಲಕ್ಕೆ ಹೋಗುತ್ತಿತ್ತು. ಅಜ್ಜನ ಮನೆಯ ತೊಲೆ ಮೊಮ್ಮಗನ ಕೊಟ್ಟಿಗೆಗೆ ಬಂದದ್ದು ಎಷ್ಟೋ ಊರುಗಳಲ್ಲಿ ಈಗಲೂ ಕಾಣಸಿಗುತ್ತದೆ. ಸಿಮೆಂಟ್ ಗೋಡೆಗೆ ಜೆಸಿಬಿ ತಾಗಿದರೆ ಇಟ್ಟಿಗೆಯೇ ಒಡೆಯುತ್ತದೆ ಹೊರತು ಗಾರೆ ಬಿಡುವುದಿಲ್ಲ. ಕಟ್ಟಡದ ಅವಶೇಷ ವಿಲೇವಾರಿಗೆಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಆದರೂ ರಾತ್ರಿ ಹೊತ್ತು ಟಿಪ್ಪರುಗಳು ಕೆರೆ ಅಂಚಿನಲ್ಲಿ ಏನು ಸುರಿದು ಹೋಗುತ್ತವೆಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಕಂಟ್ರಾಕ್ಟರನ್ನೇ ಬೈದು ಪ್ರಯೋಜನವಿಲ್ಲ. ಬ್ಯಾಂಕಿನ ಬಡ್ಡಿ ಗಾರೆ ಹಣ್ಣಾಗುವ ತನಕ ಕಾಯುವುದಿಲ್ಲ. ಐದಾರು ಅಂತಸ್ತು ಏರಿಸಲು ಸಿಮೆಂಟು, ಕಬ್ಬಿಣ ಬೇಕೇ ಬೇಕು. ಒಂದಂತಸ್ತಿನ ಮನೆಗೂ, ಕಾಂಪೌಂಡ್ ಗೋಡೆಗೂ, ದನದ ಕೊಟ್ಟಿಗೆಗೂ ಅದೇ ಸಿಮೆಂಟ್ ಏಕೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟ್ ತಯಾರಿಕೆಯದ್ದು. ಸುಣ್ಣ ಸುಡುವಾಗಲೂ ಆ ಅನಿಲ ಹೊರಡುತ್ತದೆ ನಿಜ, ಆದರೆ ಗೋಡೆಯಲ್ಲಿ ಗಟ್ಟಿಯಾಗುತ್ತಾ ಸುಣ್ಣ ಅದರಲ್ಲೊಂದು ಪಾಲನ್ನು ಮರಳಿ ಹೀರಿಕೊಳ್ಳುತ್ತದೆ.

ಬೇರೆ ದಾರಿ ಇರಲಿಲ್ಲವೆನ್ನುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರುಮಾಡಿದ ‘ಅಸ್ತ್ರ’ ಎಂಬ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಅಲ್ಪಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ ಇಟ್ಟಿಗೆಯನ್ನು ರೂಢಿಗೆ ತಂದರು. ಸುಡುವ ಕೆಲಸವೇ ಇಲ್ಲ. ಬೆಂಗಳೂರಿನಲ್ಲಿ ಅಂಥ ಮನೆಗಳು ಎದ್ದವು, ಚೆನ್ನಾಗಿಯೇ ನಿಂತಿವೆ. ಆದರೆ ಸೈಟಿನದೇ ಮಣ್ಣಿಗೆ ಬಿಲ್ ಬರೆಯುವುದು ಹೇಗೆ ಎಂಬ ಒಗಟು ಕಂಟ್ರಾಕ್ಟರುಗಳಿಗೆ ಇನ್ನೂ ಬಿಡಿಸಲಾಗಿಲ್ಲ.

ಗಾರೆ ಹದ ತಿಳಿದ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಸೆಂಟ್ರಿಂಗ್ ಕೆಲಸಕ್ಕೋ ಟೈಲ್ಸ್ ಹಾಕಲಿಕ್ಕೋ ಹೋಗಿದ್ದಾರೆ. ಹಾಗಾಗಿ ಹಳೇ ಗುಡಿ, ಹಳೇ ಮನೆಯ ರಿಪೇರಿಗೂ ಬರುವುದು ಸಿಮೆಂಟ್ ಮೂಟೆಯೇ. ಸುಣ್ಣದ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ತೇವ ಒಳಗೇ ಸಿಕ್ಕಿ ಇಟ್ಟಿಗೆ ಹುಡಿಯಾಗತೊಡಗುತ್ತದೆ. ನಿಮ್ಮ ಮನೆಯಲ್ಲೋ ಊರಿನ ಗುಡಿಯಲ್ಲೋ ಅಂಥ ಗೋಡೆ ಇದ್ದರೆ ದಯವಿಟ್ಟು ಅದಕ್ಕೆ ಸಿಮೆಂಟ್ ಮೆತ್ತಿಸಬೇಡಿ. ಗಾರೆ ಗೊತ್ತಿರುವ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆಸಿ, ಜೊತೆಗೆ ಒಬ್ಬ ಹುಡುಗನನ್ನು ಕೈಯಾಳಾಗಿ ನಿಲ್ಲಿಸಿ.